ತಮ್ಮನ ಬೀಗದ ಕೈ

ಮಾರ್ಚ್ ೧೧, ಬುಧವಾರ
ಮಧ್ಯಾಹ್ನ, ಅಡುಗೆಮನೆಯ ಮೇಜು

ನನ್ನ ಜಗಳಗಂಟಿ ಮಗಳಿಗೆ ಅಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ಸೋಮವಾರ ಬಂತು, ಅದರೊಳಗೆ ಮಡಚಿಟ್ಟ ಅರ್ಜಿಯೂ ಬಂತು. ಅವತ್ತಿನಿಂದ ಎರಡೂ ಸಕ್ಕರೆ ಡಬ್ಬಿಯ ಕೆಳಗಿವೆ. ಇವತ್ತು ಜ್ವರ ಅಂತ ಹೇಳಿ ರಜೆ ಹಾಕಿದ್ದೇನೆ. ನಿಮ್ಮಪ್ಪ ಹಣೆ ಮುಟ್ಟಿ ನೋಡಿದರು, ಬಸ್ಸು ಓಡಿಸಲು ಹೋದರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮೇಲೆ ಯಾವ ಜ್ವರಕ್ಕೆ ಮೈ ಬಿಸಿಯಾಗುವುದಿಲ್ಲ ಅನ್ನುವುದು ಗಂಡಸಿಗೂ ಗೊತ್ತಾಗುತ್ತದೆ.

ಫೋನಿನಲ್ಲಿ ನೀನು ಮೂರು ಸಲ ಕೇಳಿದೆ, ಮೂರು ಸಲವೂ ನಾನು ಯೋಚನೆ ಮಾಡ್ತೀನಿ ಅಂದೆ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅದನ್ನೇ ನೆಪ ಮಾಡಿಕೊಂಡು ಮಾತು ನಿಲ್ಲಿಸಿಬಿಡುತ್ತೇನೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ನೀನು ಬರೆದದ್ದನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೆಯೇ ನೋಡು. ಕಾಲೇಜಿನ ಎರಡನೇ ವರ್ಷ ಮುಗಿಯುವ ಮೊದಲೇ ಬಿಟ್ಟು, ನನ್ನ ಹಾಗೆ ಲಿಫ್ಟ್ ರಿಪೇರಿಯ ತರಬೇತಿಗೆ ಸೇರಬೇಕು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿರುವ ಯಂತ್ರಗಳಿಗೆ ಅಜ್ಜಿಯ ವಯಸ್ಸು, ಬಿಚ್ಚಿ ನೋಡ್ತೀನಿ ಅಂದರೆ ಗಾಜಿನ ಬೀರುವಿಗೆ ಕೀಲಿ ಹಾಕುತ್ತಾರೆ. ರಾಟೆಯ ಲೆಕ್ಕವನ್ನು ಮೇಷ್ಟ್ರು ಹಲಗೆಯ ಮೇಲೆ ತಪ್ಪಾಗಿ ಬಿಡಿಸಿದರು, ನೀನು ಎದ್ದು ನಿಂತು ನಮ್ಮಮ್ಮ ದಿನಾ ರಾಟೆ ಮುಟ್ತಾಳೆ, ಹಗ್ಗ ಆ ಕಡೆಯಿಂದ ಬರಲ್ಲ ಸಾರ್ ಅಂದೆ. ಅದನ್ನು ಓದಿ ಒಬ್ಬಳೇ ನಕ್ಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ ನಕ್ಕೆ.

ಮಂಗಳವಾರ ನಿನಗೆ ಒಂದು ಉತ್ತರ ಬರೆದಿದ್ದೆ, ನಾಲ್ಕು ಪುಟ. ದೂರದ ಬೆಟ್ಟ ನುಣ್ಣಗೆ ಅಂತ ಶುರು ಮಾಡಿದ್ದೆ. ನಲವತ್ತಾರಕ್ಕೇ ಮೆಟ್ಟಿಲು ಇಳಿಯುವಾಗ ನನ್ನ ಮಂಡಿ ಮಾಡುವ ಸದ್ದು, ಎಷ್ಟು ಸೋಪು ಉಜ್ಜಿದರೂ ಉಗುರಿನ ಸಂದಿಯಿಂದ ಹೋಗದ ಗ್ರೀಸು, ಮೊದಲ ಎರಡು ವರ್ಷ ಗಂಡಸರು ನನ್ನ ಸ್ಪ್ಯಾನರಿಗೆ ಇಟ್ಟ ಅಡ್ಡಹೆಸರು, ಲಿಫ್ಟು ಓಡಾಡುವ ಮೂವತ್ತು ಮಹಡಿಯ ಬಾವಿಯೊಳಗೆ, ಜನ ನಿಲ್ಲುವ ಡಬ್ಬಿಯ ನೆತ್ತಿಯ ಮೇಲೆ ನಿಂತು ಮಾಡುವ ಕೆಲಸ, ಎಲ್ಲ ಬರೆದಿದ್ದೆ. ಎಲ್ಲವೂ ನಿಜ. ಓದಿ ನೋಡಿದಾಗ ನಾನು ಹಿಂಜರಿಯುವುದಕ್ಕೆ ಯಾವುದೂ ಕಾರಣವಲ್ಲ ಅನ್ನಿಸಿತು. ಹರಿದು ಹಾಕಿದೆ.

ಕಾರಣ ನಿನ್ನ ಕಾಗದದ ಮೂರನೇ ಪುಟದಲ್ಲಿದೆ. ತರಬೇತಿ ಕೇಂದ್ರದವರು ಹೊಸಬರನ್ನು ಒಂದು ದಿನದ ಮಟ್ಟಿಗೆ ಕರೆದು ಎಲ್ಲ ತೋರಿಸಿದರು ಅಂತ ಬರೆದಿದ್ದೀಯ. ಅಲ್ಲಿಯ ಮೇಸ್ತ್ರಿ ನಿಮ್ಮನ್ನೆಲ್ಲ ಕೂರಿಸಿ ಒಂದು ಕಥೆ ಹೇಳಿದರು. ಹನ್ನೆರಡು ವರ್ಷ ಅನುಭವವಿದ್ದ ಒಬ್ಬ ಕೆಲಸಗಾರ ಲಿಫ್ಟಿನ ತಳದ ಹೊಂಡಕ್ಕೆ ಇಳಿಯುವ ಮೊದಲು ತನ್ನ ಬೀಗ ಹಾಕಲಿಲ್ಲ, ಸತ್ತ ಮೇಲೆ ನೋಡಿದರೆ ಬೀಗ ಅವನ ಚೀಲದಲ್ಲೇ ಇತ್ತು, ಮರೆವು ಅನ್ನುವುದು ನಮ್ಮ ಕಸುಬಿನಲ್ಲಿ ರೋಗ ಅಂತ. ಹೆಸರು ಹೇಳಲಿಲ್ಲ, ಆದರೂ ಅದು ನನ್ನ ತಮ್ಮ, ನಿನ್ನ ಮಾವ ಅಂತ ನಿನಗೆ ತಿಳಿಯಿತು. ಪಕ್ಕದಲ್ಲಿದ್ದವರು ನಕ್ಕರು, ನೀನು ತಲೆ ತಗ್ಗಿಸಿ ಕೂತೆ. ಆಮೇಲೆ ನನಗೆ ಬರೆದಿದ್ದೀಯ: ನಾನು ಮಾವನ ಹಾಗೆ ಮರೆಯುವುದಿಲ್ಲ ಅಮ್ಮ, ನಿನ್ನಾಣೆ.

ನಿನಗೆ ಸೈಕಲ್ ಚೈನು ಕೂರಿಸಲು ಕಲಿಸಿದ ಮಾವನಿಗಾಗಿ ನೀನು ನಾಚಿಕೆಪಟ್ಟೆ. ಆ ನಾಚಿಕೆಯನ್ನು ನಿನಗೆ ಕೊಟ್ಟವಳು ನಾನು.

ಬೀಗದ ಪದ್ಧತಿ ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಕಟ್ಟಡದ ನೆತ್ತಿಯ ಮೇಲಿನ ಯಂತ್ರದ ಕೋಣೆಯಲ್ಲಿ ಮುಖ್ಯ ಸ್ವಿಚ್ಚು ಇರುತ್ತದೆ. ಅದನ್ನು ಆರಿಸಿ, ಅದರ ಕೊಂಡಿಗೆ ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರೂ ತಮ್ಮ ತಮ್ಮ ಬೀಗ ಹಾಕಬೇಕು. ಎಲ್ಲ ಬೀಗವೂ ಬಿಚ್ಚುವ ತನಕ ಸ್ವಿಚ್ಚು ಏಳುವುದಿಲ್ಲ. ಹಾಕಿದವರೇ ಬಿಚ್ಚಬೇಕು, ಕೀ ಅವರ ಜೇಬಿನಲ್ಲೇ ಇರಬೇಕು. ಗಂಡ ಹೆಂಡತಿಯಾದರೂ ಒಬ್ಬರ ಕೀ ಇನ್ನೊಬ್ಬರು ಮುಟ್ಟಬಾರದು ಅಂತ ಇದೇ ಮೇಸ್ತ್ರಿ ನನಗೂ ತಮ್ಮನಿಗೂ ಮೊದಲ ದಿನ ಹೇಳಿದ್ದರು. ಅಕ್ಕ ತಮ್ಮ ಅಂತ ಹೇಳಿರಲಿಲ್ಲ. ನಾವು ಅದನ್ನೇ ತಮಾಷೆ ಮಾಡಿಕೊಂಡೆವು.

ನಿನ್ನ ಮಾವ ಹುಟ್ಟಾ ಮರೆಗುಳಿ, ಅದು ಸುಳ್ಳಲ್ಲ. ಶಾಲೆಗೆ ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಹೋದವನು. ಅವನ ಪೆನ್ಸಿಲು, ಅವನ ಊಟದ ಡಬ್ಬಿ, ಅವನ ಬಸ್ಸಿನ ಪಾಸು, ಎಲ್ಲ ನನ್ನ ಚೀಲದಲ್ಲೇ ಇರುತ್ತಿತ್ತು. ಕೆಲಸಕ್ಕೆ ಸೇರಿದ ಎರಡನೇ ತಿಂಗಳಿನಲ್ಲೇ ಬೀಗದ ಕೈ ಎರಡು ಸಲ ಕಳೆದು, ಕಬ್ಬಿಣ ಕೊಯ್ಯುವ ಗರಗಸದಿಂದ ಬೀಗ ಕತ್ತರಿಸಬೇಕಾಗಿ ಬಂದು ಬೈಸಿಕೊಂಡ. ನಾನು ಕೊಡೋ ಇಲ್ಲಿ ಅಂತ ಅವನ ಕೀಯನ್ನು ನನ್ನ ಗೊಂಚಲಿಗೆ ಪೋಣಿಸಿಕೊಂಡೆ. ಅದರಿಂದ ಇನ್ನೊಂದು ಅನುಕೂಲವೂ ಆಯಿತು. ಅವನ ಎಡಗಾಲು ಮುರಿದು ಕೂಡಿಸಿದ್ದು. ಹೊಂಡದ ಕೆಲಸ ಮುಗಿಸಿ ಒಂಬತ್ತು, ಹತ್ತು ಮಹಡಿ ಹತ್ತಿ ಬಂದು ತನ್ನ ಬೀಗ ತಾನೇ ಬಿಚ್ಚುವುದು ತಪ್ಪಿತು. ಅವನು ಹೊಂಡದಿಂದ ಹೊರಗೆ ಬಂದು ಬಾಗಿಲ ಚೌಕಟ್ಟಿಗೆ ಸ್ಪ್ಯಾನರಿನಿಂದ ಎರಡು ಸಲ ಬಡಿಯುವುದು, ಆ ಸದ್ದು ಬಾವಿಯುದ್ದಕ್ಕೂ ಮೇಲೆ ಬರುವುದು, ನಾನು ಇಬ್ಬರ ಬೀಗವನ್ನೂ ಬಿಚ್ಚುವುದು. ಹತ್ತು ವರ್ಷಕ್ಕಿಂತ ಹೆಚ್ಚು ಹೀಗೇ ನಡೆಯಿತು. ಕೆಲಸದ ಕಡೆ ಯಾರಿಗೂ ಗೊತ್ತಿರಲಿಲ್ಲ. ನಮಗೆ ಅದು ತಪ್ಪು ಅಂತ ಅನ್ನಿಸಲಿಲ್ಲ, ಪ್ರೀತಿ ಅನ್ನಿಸುತ್ತಿತ್ತು.

ಅವತ್ತು ಒಂಬತ್ತು ಮಹಡಿಯ ಕಟ್ಟಡ. ನಾನು ಮೇಲೆ ಬ್ರೇಕಿನ ಪಟ್ಟಿ ಬದಲಾಯಿಸುತ್ತಿದ್ದೆ. ಅವನು ಕೆಳಗೆ ಹೊಂಡದಲ್ಲಿ, ಅಪಾಯವಾದರೆ ಲಿಫ್ಟು ನಿಲ್ಲಿಸುವುದಕ್ಕೆ ಇರುವ ಕೆಂಪು ಸ್ವಿಚ್ಚನ್ನೇ ಬದಲಾಯಿಸುತ್ತಿದ್ದ. ಅದನ್ನು ಒತ್ತಿಟ್ಟಿರಲು ಆಗುತ್ತಿರಲಿಲ್ಲ, ಕೈಯಲ್ಲಿದ್ದದ್ದೇ ಅದು. ಅವನಿಗೆ ಕಾವಲು ಅಂತ ಇದ್ದದ್ದು ಮೇಲಿನ ಬೀಗ ಒಂದೇ.

ಕಟ್ಟಡದ ಉಸ್ತುವಾರಿಯವನು ಮೂರನೇ ಸಲ ಮೆಟ್ಟಿಲು ಹತ್ತಿ ಬಂದ. ಏಳನೇ ಮಹಡಿಯಲ್ಲಿ ಒಬ್ಬ ಮುದುಕರಿಗೆ ಎದೆನೋವು, ಸ್ಟ್ರೆಚರಿನ ಮೇಲೆ ಮಲಗಿಸಿಕೊಂಡು ಲಿಫ್ಟಿನ ಬಾಗಿಲ ಮುಂದೆ ನಿಂತಿದ್ದಾರೆ, ಮೆಟ್ಟಿಲು ತಿರುಗುವಲ್ಲಿ ಸ್ಟ್ರೆಚರು ಹಿಡಿಸುವುದಿಲ್ಲ ಅಂತ ಅಳುವ ಹಾಗಾಗಿದ್ದ. ನನ್ನ ಕೆಲಸ ಮುಗಿದಿತ್ತು. ತಮ್ಮ ಹತ್ತು ನಿಮಿಷ ಅಂದಿದ್ದ, ಇಪ್ಪತ್ತಾಗಿತ್ತು.

ಇಲ್ಲಿಯ ತನಕ ಬರೆದು, ಎರಡು ಸಲ ಬಡಿದ ಸದ್ದು ಕೇಳಿಸಿತು ಅಂತ ಬರೆಯೋಣ ಅಂತಿದ್ದೆ. ನನಗೆ ನಾನೇ ಆರು ವರ್ಷದಿಂದ ಹಾಗೆ ಹೇಳಿಕೊಂಡು ಬಂದಿದ್ದೇನೆ. ಸದ್ದು ಕೇಳಿಸಲಿಲ್ಲ ಮಗಳೇ. ಬಾವಿಗೆ ಬಗ್ಗಿ ಒಂದು ಸಲ ಕೂಗಿದ್ದರೆ ಆಗುತ್ತಿತ್ತು, ಕೂಗಲೂ ಇಲ್ಲ. ಈ ಹುಡುಗ ಬಡಿಯೋದನ್ನೂ ಮರೆತ, ಹೊರಗೆ ನಿಂತು ಟೀ ಕುಡೀತಾ ಇರ್ತಾನೆ ಅಂದುಕೊಂಡೆ. ಮನಸ್ಸಿನಲ್ಲಿ ಬೈದುಕೊಂಡೇ ಎರಡೂ ಬೀಗ ಬಿಚ್ಚಿ ಸ್ವಿಚ್ಚು ಎತ್ತಿದೆ. ಕರೆಂಟು ಬಂದ ಕೂಡಲೇ ಡಬ್ಬಿ ತಾನಾಗಿಯೇ ತೀರಾ ಕೆಳಗಿನ ಮಹಡಿಗೆ, ಹೊಂಡದ ನೆತ್ತಿಗೇ ಇಳಿದು ನಿಲ್ಲುವುದು ಆ ಮಾದರಿಯ ಲಿಫ್ಟಿನ ಅಭ್ಯಾಸ. ಇಳಿಯಿತು.

ಅವತ್ತು ಅವನು ಏನನ್ನೂ ಮರೆತಿರಲಿಲ್ಲ. ಹೊಸ ಸ್ವಿಚ್ಚಿಗೆ ತಂತಿ ಕೂಡಿಸಿ, ನಾಲ್ಕು ತಿರುಪಿನಲ್ಲಿ ಮೂರನ್ನು ಬಿಗಿದಿದ್ದ. ಕೆಲಸ ಮುಗಿದಿರಲಿಲ್ಲ, ಅದಕ್ಕೇ ಬಡಿದಿರಲಿಲ್ಲ.

ಏಳನೇ ಮಹಡಿಯ ಮುದುಕರನ್ನು ಕೊನೆಗೆ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿನಿಂದಲೇ ಇಳಿಸಿದರು. ಅವರು ಬದುಕಿಕೊಂಡರು. ಮೊದಲೇ ಹಾಗೆ ಮಾಡಬಹುದಿತ್ತು.

ತನಿಖೆಯವರು ಬರುವಷ್ಟರಲ್ಲಿ ನಾನು ಅವನ ಬೀಗವನ್ನು ಅವನ ಚೀಲಕ್ಕೆ ಹಾಕಿ ಆಗಿತ್ತು. ಅಳುತ್ತಾ ಹಾಕಿದೆ ಅಂತ ಬರೆದರೆ ನಿನಗೆ ಸಮಾಧಾನವಾದೀತು, ಆದರೆ ನನ್ನ ಕಣ್ಣು ಒಣಗಿತ್ತು, ಕೈ ಬಹಳ ಚುರುಕಾಗಿತ್ತು. ಅವನ ಬೀಗ ಎಲ್ಲಿ ಅಂತ ಕೇಳಿದರು. ಅವನು ಹಾಕಿರಲಿಲ್ಲ ಅಂದೆ. ಅಷ್ಟೇ ಅಂದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನನ್ನು ಬಲ್ಲವರೆಲ್ಲ ಹೌದು ಹೌದು, ಮೊದಲಿಂದಲೂ ಮರೆವು ಅಂತ ತಲೆ ಆಡಿಸಿದರು. ನಾನು ಎರಡನೇ ಸಲ ಹೇಳಬೇಕಾಗಿಯೇ ಬರಲಿಲ್ಲ. ಕೆಲಸಗಾರನದೇ ತಪ್ಪು ಅಂತ ಬರೆದರು, ಕೆಳಗೆ ನಾನು ಸಾಕ್ಷಿ ಸಹಿ ಹಾಕಿದೆ.

ಅತ್ತೆಯ ಬಗ್ಗೆ ನಿನಗೆ ಗೊತ್ತೇ ಇದೆ. ಗಂಡ ಸತ್ತ ದುಃಖಕ್ಕಿಂತ ಅವನ ಮೇಲಿನ ಸಿಟ್ಟೇ ಅವಳನ್ನು ಅರೆದು ಹಾಕಿತು. ಇವತ್ತಿಗೂ ಅವಳ ಮನೆಯಲ್ಲಿ ಅವನ ಫೋಟೊ ಇಲ್ಲ. ಒಂದು ಬೀಗ ಹಾಕೋಕೆ ಆಗಲಿಲ್ಲವಲ್ಲ, ಮನೇಲಿ ನಾನು ಇದ್ದೀನಿ ಅನ್ನೋದು ನೆನಪಾಗಲಿಲ್ಲವಲ್ಲ ಅಂತ ನನ್ನ ಹೆಗಲಿಗೆ ತಲೆ ಇಟ್ಟು ಅತ್ತಿದ್ದಾಳೆ, ಒಂದು ಸಲ ಅಲ್ಲ. ನಾನು ಬೆನ್ನು ಸವರಿದ್ದೇನೆ. ಅತ್ತಿಗೆ ಅಂದರೆ ತಾಯಿ ಇದ್ದ ಹಾಗೆ ಅಂತ ಅವಳು ಎಲ್ಲರ ಮುಂದೆ ಹೇಳುತ್ತಾಳೆ.

ಆಮೇಲೆ ನಾನು ಯಾರೊಂದಿಗೂ ಜೋಡಿಯಾಗಿ ಕೆಲಸ ಮಾಡಿಲ್ಲ. ತಮ್ಮನ ನೆನಪು ಅಂತ ಎಲ್ಲರೂ ಕನಿಕರಪಟ್ಟು ಒಂಟಿ ಕೆಲಸಗಳನ್ನೇ ಕೊಡುತ್ತಾರೆ. ನಿನ್ನನ್ನು ಕಾಲೇಜಿಗೆ ಸೇರಿಸಿದಾಗ ಮಗಳು ಓದಿ ದೊಡ್ಡವಳಾಗಬೇಕು ಅಂತ ನೆರೆಹೊರೆಗೆಲ್ಲ ಹೇಳಿಕೊಂಡು ಓಡಾಡಿದೆ. ಅದು ಅರ್ಧ ಸತ್ಯ. ಉಳಿದರ್ಧ ಏನೆಂದರೆ, ತರಬೇತಿಯ ಎರಡನೇ ವರ್ಷದಲ್ಲಿ ಹಳೆಯ ಅಪಘಾತಗಳ ವರದಿಗಳನ್ನು ಓದಿಸುತ್ತಾರೆ. ಹಾಕಿರಲಿಲ್ಲ ಅನ್ನುವ ಮಾತು, ಅದರ ಕೆಳಗೆ ನನ್ನ ಸಹಿ, ಅದು ನಿನ್ನ ಕೈಗೆ ಬರಬಾರದಾಗಿತ್ತು. ನೀನು ಬುದ್ಧಿವಂತೆ. ಅವನ ಕೀ ಯಾರ ಗೊಂಚಲಿನಲ್ಲಿ ಇರುತ್ತಿತ್ತು ಅಂತ ಚಿಕ್ಕಂದಿನಲ್ಲಿ ನೋಡಿದವಳು, ಒಂದು ದಿನ ಕೂಡಿಸಿ ನೋಡಿಯೇ ನೋಡುತ್ತಿದ್ದೆ. ನಿನ್ನ ಭವಿಷ್ಯ ಅಂತ ನಾನು ಕರೆದದ್ದು ನನ್ನ ಬಚ್ಚಿಡುವ ಜಾಗ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕಾಲೇಜೋ ಕಸುಬೋ ಅಂತ ಹೇಳುವ ಬಾಯಿ ನನಗೆ ಉಳಿದಿಲ್ಲ. ಆದರೂ ಅಮ್ಮನಾದ್ದರಿಂದ ಒಂದೆರಡು ಮಾತು. ಕಸುಬು ಒಳ್ಳೆಯದು. ಕೆಟ್ಟು ನಿಂತದ್ದು ನಮ್ಮ ಕೈ ಮುಟ್ಟಿ ನಡೆಯಲು ಶುರುವಾದಾಗ ಆಗುವ ಸಂತೋಷ ಯಾವ ಪರೀಕ್ಷೆಯ ಅಂಕದಲ್ಲೂ ಇರಲಾರದು, ಅದರಲ್ಲಿ ನೀನು ಬರೆದದ್ದು ಸರಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುವುದೂ ಸುಳ್ಳಲ್ಲ. ಅಮ್ಮನ ಹಾಗೆ ಆಗಬೇಕು ಅಂತ ಮಾತ್ರ ಸೇರಬೇಡ. ಅಮ್ಮ ಇಂಥವಳು ಅಂತ ಗೊತ್ತಾಯಿತು ಅನ್ನುವ ಕಾರಣಕ್ಕೆ ಬಿಡಲೂಬೇಡ. ಕಾಲೇಜಿನಲ್ಲೇ ಉಳಿದರೆ ಹೆದರಿ ಉಳಿಯಬೇಡ, ಓದುವುದಕ್ಕೆ ಉಳಿ. ನನ್ನನ್ನು ಲೆಕ್ಕದಿಂದ ತೆಗೆದು ಹಾಕಿ ಕೂತು ಯೋಚಿಸು. ಕಷ್ಟ ಅಂತ ಗೊತ್ತು.

ಸೇರಿದರೆ, ಮುಂದಿನ ವರ್ಷ ಮೇಸ್ತ್ರಿ ಹೊಸಬರಿಗೆ ಹೇಳುವ ಕಥೆ ಬೇರೆ ಇರುತ್ತದೆ. ತಮ್ಮನ ಕೀ ಇಟ್ಟುಕೊಂಡ ಅಕ್ಕನ ಕಥೆ. ಆಗ ಮಾವನಿಗಾಗಿ ನೀನು ತಲೆ ತಗ್ಗಿಸಬೇಕಾಗಿಲ್ಲ. ನನಗಾಗಿ ತಗ್ಗಿಸಬೇಕಾದೀತು. ಅದಕ್ಕೆ ನನ್ನಲ್ಲಿ ಪರಿಹಾರ ಇಲ್ಲ.

ಊಟ ಬಿಡಬೇಡ. ಹಾಸ್ಟೆಲಿನ ಕಿಟಕಿಯ ಗಾಳಿ ತಲೆಗೆ ಹೊಡೆಯದ ಹಾಗೆ ಮಂಚ ಗೋಡೆಯ ಕಡೆಗೆ ಸರಿಸಿಕೋ.

ಇಂತಿ,
ನಿನ್ನ ಅಮ್ಮ

ವಿ.ಸೂ.: ಅರ್ಜಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಪರವಾನಗಿ ಇರುವ ಕೆಲಸಗಾರರ ಶಿಫಾರಸು ಅನ್ನುವಲ್ಲಿ ನನ್ನ ಸಹಿ ಇದೆ, ಪರವಾನಗಿ ಸಂಖ್ಯೆಯೂ ಇದೆ. ಕೊಡುವುದಾದರೆ ಇಪ್ಪತ್ತನೇ ತಾರೀಖಿನೊಳಗೆ ಕೊಡು. ಇಪ್ಪತ್ತಮೂರು, ಸೋಮವಾರ, ನಾನು ತನಿಖೆಯವರ ಕಚೇರಿಗೆ ಹೋಗಿ ಇದನ್ನೆಲ್ಲ ಬರೆದುಕೊಟ್ಟು ಬರುತ್ತೇನೆ, ಆಮೇಲೆ ನನ್ನ ಪರವಾನಗಿ ಉಳಿಯುವುದಿಲ್ಲ, ಈ ಸಹಿ ನಡೆಯುವುದಿಲ್ಲ. ಹೀಗೆ ತಾರೀಖು ನೋಡಿ ಕೊಡುವುದೂ ಒಂದು ಕಳ್ಳತನವೇ, ಗೊತ್ತಿದೆ. ಬೇಡ ಅನ್ನಿಸಿದರೆ ಹರಿದು ಹಾಕು, ಬೇರೆ ಯಾರಾದರೂ ಸಹಿ ಹಾಕಿಯಾರು. ನಿಮ್ಮಪ್ಪನಿಗೆ ಇವತ್ತು ಬಂದ ಮೇಲೆ ಹೇಳುತ್ತೇನೆ. ಅತ್ತೆಯ ಮನೆಗೆ ನಾಳೆ ಹೋಗುತ್ತೇನೆ. ಅವಳು ನಿನಗೆ ಫೋನ್ ಮಾಡಬಹುದು. ಎತ್ತು. ಅವಳು ಏನು ಅಂದರೂ ಕೇಳಿಸಿಕೋ, ನನ್ನ ಪರವಾಗಿ ಒಂದು ಮಾತೂ ಆಡಬೇಡ.