ಉಗುರು ತೇಯ್ದುಕೊಂಡ ರಕ್ಕಸ

ಕಟಕೋಳ
9 ಸೆಪ್ಟೆಂಬರ್ 2024

ಶ್ರೀಶೈಲ ಅವರಿಗೆ,

ಹನ್ನೆರಡು ವರ್ಷ ‘ರೀ’ ಎಂದಷ್ಟೇ ಕರೆದವಳು ಇವತ್ತು ಹೆಸರು ಬರೆದಿದ್ದೇನೆ, ಸಿಟ್ಟಾಗಬೇಡಿ. ಶರಣು.

ನಿಮ್ಮ ವಕೀಲರು ಕಳಿಸಿದ ಸೋಡಚೀಟಿಯ, ಅಂದರೆ ವಿಚ್ಛೇದನದ, ಕಾಗದ ಮುಟ್ಟಿತು. ಸಹಿ ಹಾಕುತ್ತೇನೆ, ತಕರಾರಿಲ್ಲ. ಆದರೆ ಅದರ ಮೂರನೆಯ ಕಲಮಿನಲ್ಲಿ ಒಂದು ಮಾತಿದೆ. ನನಗೆ ಹೊಲಸು ಕಥೆ ಓದುವ ಚಟವಿತ್ತು, ಹಾಸಿಗೆ ಹಿಡಿದ ಅತ್ತೆಯ ಎದುರೇ ಅದನ್ನು ನಡೆಸಿ ಅವರ ಮನಸ್ಸು ನೋಯಿಸಿದೆ ಎಂದು. ಆ ಒಂದು ಸಾಲಿಗಾಗಿ ಈ ಪತ್ರ. ಅತ್ತೆ ಇರುವತನಕ ಬಾಯಿ ಬಿಡಬಾರದೆಂದಿದ್ದೆ. ಈಗ ಅವರನ್ನು ಯಾರೂ ಏನೂ ಅನ್ನಲಾರರು.

ಅವರು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ ವರ್ಷ ನಿಮಗೆ ನೆನಪಿದೆ. ಪಡಸಾಲೆಯಲ್ಲಿ ಮಂಚ ಹಾಕಿದೆವು. ನೀವು ಬೀಜ-ಗೊಬ್ಬರದ ಅಂಗಡಿಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾವಿಬ್ಬರೇ. ಒಂದು ಮಧ್ಯಾಹ್ನ ಅವರಿಗೆ ನಿದ್ದೆ ಹತ್ತಿತೆಂದುಕೊಂಡು ಫೋನಿನಲ್ಲಿ ಕಥೆ ಓದುತ್ತ ಕೂತಿದ್ದೆ.

“ಒಬ್ಬಾಕೀನ ಯಾಕ ನಗಾಕತ್ತಿ? ನನಗೂ ಓದಿ ಹೇಳ,” ಅಂದರು.

“ನಿಮಗ ಸೇರೂದಿಲ್ರಿ ಅತ್ತಿ. ರಕ್ಕಸನ ಕಥಿ ಐತಿ.”

“ರಕ್ಕಸಗ ಅಂಜೂ ವಯಸ್ಸೇನ ನಂದು?”

ಕಥೆ ಹೀಗಿತ್ತು. ಹೆಂಗಸೊಬ್ಬಳು ಹಳೆಯ ವಾಡೆಯೊಂದಕ್ಕೆ ಬಾಡಿಗೆಗೆ ಬರುತ್ತಾಳೆ. ಅಲ್ಲಿಯ ಬಾವಿಯೊಳಗೆ ಒಬ್ಬ ರಕ್ಕಸ. ಹುಣಸೆ ತೊಗಟೆಯಂಥ ಮೈ, ಎರಡು ಕೊಂಬು, ಬಾಗಿಲಲ್ಲಿ ಸಿಕ್ಕಿಕೊಳ್ಳುವ ಬಾಲ. ಅವನ ಮೈ ಸದಾ ಬಿಸಿ, ಅದಕ್ಕೇ ಹಂಡೆಯನ್ನು ಅಪ್ಪಿಕೊಂಡು ಕೂತು ಆಕೆಯ ಸ್ನಾನಕ್ಕೆ ನೀರು ಕಾಯಿಸುತ್ತಾನೆ. ರೊಟ್ಟಿ ಬಡಿಯಲು ಹೋಗಿ ಹಿಟ್ಟು ನಾದುವ ಕೊಣಮಿಗೆ ಒಡೆದು ಅಳುತ್ತಾನೆ. ಆಕೆಗೆ ತಾಗೀತೆಂದು ಉಗುರುಗಳನ್ನು ಕಲ್ಲಿಗೆ ತೇಯ್ದುಕೊಳ್ಳುತ್ತಾನೆ. ಮುಟ್ಟುವ ಮೊದಲು ಪ್ರತಿ ಸಲ, ಮುಟ್ಟಲೇ ಎಂದು ಕೇಳುತ್ತಾನೆ. ಅಷ್ಟು ದೊಡ್ಡ ಮೈಯವನು ಬಚ್ಚಲ ಬಾಗಿಲಲ್ಲಿ ಮುದುಡಿ ಕೂತು ಆಕೆಯ ‘ಹೂಂ’ಗೆ ಕಾಯುತ್ತಾನೆ. ಆಕೆ ಹೂಂ ಅಂದಮೇಲೆ ಬಚ್ಚಲ ತುಂಬ ಹಬೆ.

ಅಲ್ಲಿಗೆ ಬಂದಾಗ ನಾನು ನಾಲ್ಕು ಪುಟ ದಾಟಿಸಿ, ಬೆಳಗಾಯಿತು ಎಂದು ಓದಿದೆ.

“ಇಷ್ಟ ಲಗೂ ಹ್ಯಾಂಗ ಬೆಳಗಾತು? ನಡುವ ಬಿಟ್ಟಿದ್ದ ಓದ,” ಅಂದರು ಅತ್ತೆ.

ಓದಿದೆ. ನನ್ನ ಕಿವಿ ಬಿಸಿಯಾಗಿದ್ದವು. ಅವರು ಸೆರಗು ಬಾಯಿಗೆ ಒತ್ತಿಕೊಂಡು ಮಂಚ ಅಲ್ಲಾಡುವ ಹಾಗೆ ನಕ್ಕರು. ನಿಮ್ಮ ತಾಯಿ ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನೀವು ನೋಡಿದ್ದಿರಾ?

ಮಂಗಳವಾರ, ಶುಕ್ರವಾರ ಹೊಸ ಕಂತು ಬರುತ್ತಿತ್ತು. ಆ ದಿನ ಬೆಳಿಗ್ಗೆಯೇ ಅವರು ತಲೆ ಬಾಚಿಸಿಕೊಳ್ಳುತ್ತಿದ್ದರು. ರಕ್ಕಸ ಊಟ ಮಾಡಿದನೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಒಂದು ದಿನ ಓದು ಮುಗಿದಮೇಲೆ ಹೇಳಿದರು:

“ಹದಿನಾಕರಾಗ ಸಂಪಗಾಂವದಿಂದ ಈ ಮನಿಗೆ ಬಂದೆ. ನಿಮ್ಮ ಮಾವನ್ನ ದೇವರಂಥಾ ಮನಷ್ಯಾ ಅಂತಾರ ಎಲ್ಲಾರೂ. ಖರೇನ. ಆದ್ರ ಒಂದ ದಿವಸಾನೂ ಕೇಳಲಿಲ್ಲ ಉಮಾ. ಒಂದ ದಿವಸಾನೂ.”

ಆಮೇಲೆ ಗೋಡೆಯ ಕಡೆ ನೋಡುತ್ತ, “ನನ್ನ ಮಗಾ ಕೇಳತಾನೇನ?” ಅಂದರು.

ನಾನು ಅವರ ಕೌದಿ ಸರಿಪಡಿಸಲು ಹೋದೆ. ಅವರು ನನ್ನ ಕೈಯನ್ನು ಎಳೆದು ತಮ್ಮ ಎದೆಯ ಮೇಲೆ ಇಟ್ಟುಕೊಂಡು ಮಲಗಿದರು. ನೀವು ಕೆಟ್ಟವರಲ್ಲ. ಕೈ ಎತ್ತಿದವರಲ್ಲ, ಕುಡಿದವರಲ್ಲ. ಅದಕ್ಕೇ ಯಾರ ಮುಂದೆಯೂ ಹೇಳುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ.

ಹೋದ ದೀಪಾವಳಿಗೆ ಕಿತ್ತೂರಿನಿಂದ ಬಂದ ನಿಮ್ಮ ತಂಗಿ ನಾಗರತ್ನಾ ನನ್ನ ಫೋನು ಎತ್ತಿಕೊಂಡು, ನಿಮ್ಮ ಮುಂದೆ, ಶಂಕ್ರೆಪ್ಪ ಕಾಕಾನ ಮುಂದೆ, ಆ ಹಬೆಯ ಪುಟವನ್ನೇ ಗಟ್ಟಿಯಾಗಿ ಓದಿದಳು. ಅದೇ ಮಾತುಗಳು ಅವಳ ಬಾಯಲ್ಲಿ ಎಷ್ಟು ಹೊಲಸಾಗಿ ಕೇಳಿದವೆಂದರೆ, ನಾವಿಬ್ಬರೂ ಇಷ್ಟಪಟ್ಟದ್ದು ಅದನ್ನೇ ಎಂದು ನನಗೇ ನಂಬಿಕೆಯಾಗಲಿಲ್ಲ.

“ಅವ್ವನ ಮುಂದ ಕುಂತು ಇದನ್ನ ಓದ್ತಿಯೇನ? ಆಕಿಗೂ ಓದಿ ಹೇಳೀಯೇನ?” ಎಂದು ನೀವು ಕೇಳಿದಿರಿ.

ನಾನು ಮಂಚದ ಕಡೆ ನೋಡಿದೆ. ಅತ್ತೆ ಕೌದಿಯನ್ನು ಗಲ್ಲದವರೆಗೆ ಎಳೆದುಕೊಂಡಿದ್ದರು. ಎಪ್ಪತ್ತೊಂದು ವರ್ಷದ ಹೆಂಗಸು, ಮಗನಿಗೆ ಹುಡುಗಿಯ ಹಾಗೆ ಅಂಜಿದ್ದರು. “ಇಲ್ರಿ. ಅವರಿಗೇನೂ ಗೊತ್ತಿಲ್ಲ. ನಾನ ಓದ್ತೇನಿ,” ಅಂದೆ.

ಅವರು ಒಂದು ಮಾತು ಆಡಬಹುದೆಂದು ಕಾದೆ. ನೀವು ಹೊರಡು ಅಂದಮೇಲೆ ಚೀಲ ತುಂಬುವಾಗ ಕಾದೆ, ಹೊಸ್ತಿಲಲ್ಲಿ ಕಾದೆ. ಅಣ್ಣ ದುಂಡಪ್ಪ ಕರೆದೊಯ್ಯಲು ಬಂದು ಗಾಡಿ ತಿರುಗಿಸುವವರೆಗೂ ಕಾದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಈ ಆಗಸ್ಟಿನಲ್ಲಿ ಅತ್ತೆ ತೀರಿದ ಸುದ್ದಿ ತಿಳಿದು, ಸವದತ್ತಿಯಲ್ಲಿ ಬಸ್ಸು ಬದಲಿಸಿ ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ನೀವು ಮಣ್ಣು ಕೊಟ್ಟು ಬಂದಿದ್ದಿರಿ. “ಈಗ್ಯಾಕ ಬಂದಿ?” ಅಂದಿರಿ. ಪಡಸಾಲೆಯಲ್ಲಿ ಮಂಚ ಇರಲಿಲ್ಲ. ಅಷ್ಟು ನೋಡಿ ತಿರುಗಿ ಬಂದೆ.

ಇಲ್ಲಿ ಅತ್ತಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾಳೆ. ಅಣ್ಣ ಹೊಲಿಗೆ ಯಂತ್ರ ಕೊಡಿಸುವ ಮಾತಾಡುತ್ತಾನೆ. ನನಗೆ ಯಾವುದೂ ಬೇಡವಾಗಿದೆ. ಮೊನ್ನೆ ಆ ಕಥೆಯನ್ನು ಮೊದಲಿನಿಂದ ತೆಗೆದು ಓದಿದೆ. ರಕ್ಕಸ ಹಂಡೆ ಅಪ್ಪಿಕೊಂಡಿದ್ದ, ಹಬೆ ಎದ್ದಿತ್ತು, ನನಗೆ ಏನೂ ಆಗಲಿಲ್ಲ. ಪಕ್ಕದಲ್ಲಿ ಯಾರೂ ನಗದಿದ್ದರೆ ಅವೆಲ್ಲ ಬರೀ ಅಕ್ಷರ.

ಮೂರನೆಯ ಕಲಮನ್ನು ತೆಗೆಸಿರಿ ಎಂದು ಬೇಡುವುದಿಲ್ಲ. ಅದು ಸುಳ್ಳೆಂದು ನಿಮಗೊಬ್ಬರಿಗೆ ಗೊತ್ತಿರಲಿ. ನಿಮ್ಮ ತಾಯಿಯ ಮನಸ್ಸು ನೊಂದದ್ದು ನಿಜ. ಆದರೆ ಆ ಕಥೆಯಿಂದಲ್ಲ.

ಸಹಿಯ ಕಾಗದ ಇದರ ಜೊತೆಗಿದೆ.

ಉಮಾಶ್ರೀ

ತಾ.ಕ.: ಇದನ್ನು ಬರೆಯಬಾರದೆಂದು ಇಷ್ಟು ಹೊತ್ತು ತಡೆದೆ. ನಾನು ಮನೆ ಬಿಟ್ಟ ಹದಿನೈದನೆಯ ದಿನ, ಪಕ್ಕದ ಮನೆಯ ತಾಯವ್ವನ ಫೋನಿನಿಂದ ಅತ್ತೆ ಕರೆ ಮಾಡಿದರು. ತಪ್ಪಾಯಿತು ಅನ್ನಲಿಲ್ಲ. ಹ್ಯಾಂಗದೀ ಅನ್ನಲಿಲ್ಲ. “ಓದ,” ಅಂದರು. ಅಂದಿನಿಂದ ಪ್ರತಿ ಮಂಗಳವಾರ, ಶುಕ್ರವಾರ ಓದಿದೆ. ಜುಲೈ ಕೊನೆಗೆ ಕಥೆಯ ಕಡೆಯ ಕಂತು ಬಂತು. ಅದು ಮುಗಿದರೆ ಅವರ ಫೋನೂ ನಿಲ್ಲುತ್ತದೆಂದು ಹೆದರಿ, ಬರೆಯುವಾಕೆಗೆ ಆರಾಮಿಲ್ಲ, ಇನ್ನೂ ಬಂದಿಲ್ಲ ಎಂದು ಮೂರು ವಾರ ಸುಳ್ಳು ಹೇಳಿದೆ. “ಬಂದ ಕೂಡ್ಲೆ ಓದವಾ, ಮರೀಬ್ಯಾಡ,” ಅಂದರು. ಅದೇ ಅವರು ನನ್ನೊಡನೆ ಆಡಿದ ಕಡೆಯ ಮಾತು.