ಅರವತ್ತು ಕೆಟ್ಟ ಡಿಸ್ಕುಗಳು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 8.10

ಐವತ್ತೆಂಟನೆಯದೂ ಹೋಯಿತು. ಶನಿವಾರ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಇಟ್ಟಿದ್ದೆ. ಈಗ ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಚಮಚ ನೀರು. ಪ್ರಯೋಗದ ನೋಟ್‌ಬುಕ್ಕಿನಲ್ಲಿ ಬರೆದೆ: 58 — ಅಂಟು ಮೆತ್ತಗೆ, ನೀರು ಒಳಗೆ. ಐವತ್ತೇಳರಲ್ಲಿ ಅಂಟು ಗಟ್ಟಿಯಾಗಿತ್ತು. ನೀರು ನುಗ್ಗಲಿಲ್ಲ, ಆದರೆ ಯಂತ್ರವೇ ಕಿವುಡಾಯಿತು.

ನಮ್ಮದು ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿಸುವ ಯಂತ್ರ. ಉದ್ದ ಕಬ್ಬಿಣದ ಕೋಲು, ತುದಿಯಲ್ಲಿ ಡಬ್ಬಿ, ಡಬ್ಬಿಯೊಳಗೆ ನಾಣ್ಯದಷ್ಟು ಅಗಲದ ಡಿಸ್ಕ್. ನೀರು ಸೋರುವ ಸದ್ದಿಗೆ ಡಿಸ್ಕ್ ನಡುಗಿದರೆ ಹೆಡ್‌ಫೋನಿನಲ್ಲಿ ಸುಯ್ ಎಂದು ಕೇಳುತ್ತದೆ. ಡಿಸ್ಕ್ ಅಂಟಿಸಿ ತಂತಿ ಬೆಸೆಯುವುದು ನನ್ನ ಕೆಲಸ. ಹೇಳಲಿಕ್ಕೆ ಇಷ್ಟೇ. ಇದರ ಹಿಂದೆ ಬಿದ್ದು ನಾಲ್ಕು ತಿಂಗಳಾಯಿತು.

ಕಂಪನಿಯ ಯಜಮಾನರು ಬೈಯುವುದಿಲ್ಲ. ಬಂದು ಬಕೆಟ್ ನೋಡಿ, ತಲೆ ಕೆರೆದುಕೊಂಡು ಹೋಗುತ್ತಾರೆ. ಅದಕ್ಕಿಂತ ಬೈದಿದ್ದರೇ ವಾಸಿ.

ಫೆಬ್ರವರಿ 6, ಗುರುವಾರ. ಸಂಜೆ

ಅರವತ್ತೊಂದನೆಯದು ನೀರಿಗೆ ತಡೆದು ನಿಂತಿತು!

ನಿಂತದ್ದು ನಮ್ಮ ಶೆಡ್ಡಿನಲ್ಲಿ ಲೇತ್ ನಡೆಸುವ ಲೇತ್ ಮಾಮನ ಮಾತಿನ ದೆಸೆಯಿಂದ. ನಿನ್ನೆ ಮಧ್ಯಾಹ್ನ ಅಂಟು ಹಚ್ಚಿದ್ದೆ, ಇನ್ನೇನು ಡಿಸ್ಕ್ ಇಡಬೇಕು, ಅಷ್ಟರಲ್ಲಿ ಮಾಮ ಲೇತ್ ನಿಲ್ಲಿಸಿ ತಮ್ಮ ಬೀಗರ ಕಥೆ ಶುರು ಮಾಡಿದರು. ಮಾಮ ಶುರು ಮಾಡಿದರೆ ಮುಗಿಸುವವರಲ್ಲ. ತಿರುಗಿ ಬಂದಾಗ ಅಂಟು ಅರೆಬರೆ ಗಟ್ಟಿ. ಬೆರಳಿಟ್ಟರೆ ತಣ್ಣಗೆ ಹಿಡಿಯುತ್ತದೆ, ಎಳೆ ಬರುವುದಿಲ್ಲ. ಒರೆಸಿ ಬಿಸಾಡಬೇಕಿತ್ತು. ಇರಲಿ ಎಂದು ಒತ್ತಿದೆ. ಗಡಿಯಾರ ನೋಡಿ ಬರೆದುಕೊಂಡೆ — ಹನ್ನೊಂದು ನಿಮಿಷ.

ಇವತ್ತು ಡಬ್ಬಿ ಬಿಚ್ಚಿದರೆ ಒಳಗೆ ಒಣಗಿದ ಹತ್ತಿಯ ಹಾಗಿದೆ. ಯಜಮಾನರು ಕೋಲು ಹೆಗಲ ಮೇಲಿಟ್ಟುಕೊಂಡು ಬೀದಿಗೆ ಓಡಿದರು. ಹಿಂದೆ ನಾನು. ಟೈಲರ್ ಅಂಗಡಿಯ ಮುಂದೆ ನಿಂತು ಹೆಡ್‌ಫೋನ್ ನನ್ನ ತಲೆಗೆ ಹಾಕಿದರು. ಮೊದಲು ಬಸ್ಸು, ಆಮೇಲೆ ಯಾರದೋ ಚಪ್ಪಲಿ, ಆಮೇಲೆ ಅದರಡಿಯಲ್ಲಿ... ಸುಯ್... ಮಗು ನಿದ್ದೆಯಲ್ಲಿ ಉಸಿರುಬಿಟ್ಟ ಹಾಗೆ.

"ಕೇಳ್ತಾ ಇದೆಯೇನಮ್ಮಾ?" ಎಂದರು.

ತಲೆ ಆಡಿಸಿದೆ.

ಫೆಬ್ರವರಿ 11, ಮಂಗಳವಾರ. ಊಟದ ಬಿಡುವು

ಇನ್ನೂ ಐದು ಮಾಡಿದೆ. ಐದೂ ನಿಂತವು. ಬೆಳಗಿನ ಚಳಿಯಲ್ಲಿ ಹನ್ನೊಂದು ನಿಮಿಷಕ್ಕೆ ಅಂಟು ಇನ್ನೂ ಎಳೆ ಬಿಡುತ್ತಿತ್ತು. ಕಾದೆ. ಹದಿನೇಳಕ್ಕೆ ಹದ ಬಂತು. ಗಡಿಯಾರವನ್ನಲ್ಲ, ಬೆರಳನ್ನು ನಂಬಬೇಕು. ಅದನ್ನೂ ಬರೆದಿಟ್ಟೆ.

ಫೆಬ್ರವರಿ 12, ಬುಧವಾರ. ಸಂಜೆ

ಸರ್ಕಾರ ಗ್ರಾಂಟ್ ಕೊಡುತ್ತದಂತೆ. ದೊಡ್ಡ ಕಂಪನಿಗಳಿಗಲ್ಲ, ನಮ್ಮಂಥ ನಾಲ್ಕು ಜನರ ಕಂಪನಿಗಳಿಗೇ. ಹೊಸದೇನಾದರೂ ಕಂಡುಹಿಡಿಯಿರಿ, ಸಂಶೋಧನೆಯ ಖರ್ಚು ನಮ್ಮದು ಎಂದು. ಬಂದರೆ ಟೈರ್ ಅಂಗಡಿಯ ಹಿಂದಿನ ಈ ತಗಡಿನ ಶೆಡ್ಡು ಬಿಟ್ಟು ನೂರು ಯಂತ್ರ ಮಾಡುವಷ್ಟು ಜಾಗಕ್ಕೆ ಹೋಗಬಹುದು. ಅದಕ್ಕೆಂದೇ ಯಜಮಾನರು ಹೊಸ ವರ್ಷದಲ್ಲಿ ಒಬ್ಬ ಇಂಜಿನಿಯರನ್ನು ತಂದರು. ಅವನ ಅಂಗಿಯ ಗೆರೆ ಒಂದು ದಿನವೂ ಮುರಿದದ್ದಿಲ್ಲ. ಲೇತ್ ಮಾಮ ಅವನಿಗೆ "ಇಸ್ತ್ರಿ" ಎಂದು ಹೆಸರಿಟ್ಟಿದ್ದಾರೆ.

ಇಸ್ತ್ರಿ ಇವತ್ತು ಫಾರಂ ತುಂಬುತ್ತಿದ್ದ. ಇಂಗ್ಲಿಷ್ ಫಾರಂ. ನಾನು ಪಕ್ಕದ ಬೆಂಚಿನಲ್ಲಿ ತಂತಿ ಬೆಸೆಯುತ್ತಿದ್ದೆ.

"ಸಂಶೋಧನೆ ಮಾಡಿದವರ ಹೆಸರು, ವಿದ್ಯಾರ್ಹತೆ ಅಂತ ಕೇಳ್ತಾರೆ ಸರ್."

ಯಜಮಾನರು ನನ್ನ ಕಡೆ ನೋಡಿದರು. "ಎಷ್ಟನೇ ಕ್ಲಾಸಮ್ಮಾ ನೀನು?"

"ಐದು."

"ಪಾಸಾ?"

"ಪಾಸ್."

ಇಸ್ತ್ರಿ ನಗಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯವನು. "ಐದನೇ ಕ್ಲಾಸ್ ಅಂತ ಬರೆದ್ರೆ ಫಾರಂ ಅಲ್ಲೇ ಕಸದಬುಟ್ಟಿಗೆ ಹೋಗತ್ತೆ ಸರ್. ಡಿಗ್ರಿ ಬೇಕು. ನನ್ನ ಹೆಸರು ಹಾಕಿರ್ತೀನಿ."

"ಹಾಗಾದ್ರೆ ಇವಳು?"

"ಇತರೆ ಸಹಾಯಕರು ಅಂತ ಒಂದು ಕಾಲಂ ಇದೆ. ಹೆಸರು ಬೇಕಾಗಿಲ್ಲ, ಸಂಖ್ಯೆ ಸಾಕು."

ಒಂದು ಎಂದು ಬರೆದ. ನಾನು ಇತರೆ. ನಾನು ಒಂದು.

ಯಜಮಾನರು ತಲೆ ಕೆರೆದುಕೊಂಡರು. ಕಣ್ಣಿಗೆ ಹೊಗೆ ಹೋಯಿತೆಂದು ನೆಪ ಹೇಳಿ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದೆ. ಅರವತ್ತು ಡಿಸ್ಕ್ ಕೆಟ್ಟಾಗ ಈ ಇಂಜಿನಿಯರ್ ಎಲ್ಲಿದ್ದ? ಅದರಲ್ಲಿ ನಲವತ್ತು ಕೆಟ್ಟಾಗ ಈ ಶೆಡ್ಡಿನ ಬಾಗಿಲೇ ಕಂಡಿರಲಿಲ್ಲ!

ಫೆಬ್ರವರಿ 14, ಶುಕ್ರವಾರ. ಸಂಜೆ



ಫಾರಂ ಜೊತೆ ಪ್ರಯೋಗದ ನೋಟ್‌ಬುಕ್ ತೋರಿಸಬೇಕಂತೆ. ನನ್ನದನ್ನು ಕೇಳಿದರು, ಕೊಟ್ಟೆ. ಅಂಟಿನ ಕಲೆ, ಚಹಾದ ಕಲೆ, ನನ್ನ ಕೋಳಿಕಾಲಿನ ಅಕ್ಷರ, ಎಲ್ಲವೂ ಅದರಲ್ಲಿದೆ. ಇಸ್ತ್ರಿ ಗಟ್ಟಿ ರಟ್ಟಿನ ಹೊಸ ಪುಸ್ತಕ ತಂದು ಇಂಗ್ಲಿಷಿನಲ್ಲಿ ಚೊಕ್ಕವಾಗಿ ಇಳಿಸಿದ. ಮಧ್ಯಾಹ್ನದೊಳಗೆ ಮುಗಿಯಿತು. ಇಷ್ಟು ಬೇಗ ಹೇಗೆ ಎಂದು ಮಾಮ ಕೇಳಿದರು.

"ನಾಲ್ಕೇ ಪ್ರಯೋಗ ಬರೆದಿದ್ದೀನಿ. ಮೂರು ಕೆಟ್ಟವು, ಒಂದು ಒಳ್ಳೇದು."

"ಮಿಕ್ಕಿದ್ದು?"

"ಅರವತ್ತು ಸಲ ಸೋತ್ವಿ ಅಂತ ಬರೆದ್ರೆ ನಮ್ಮನ್ನ ದಡ್ಡರು ಅಂದ್ಕೊಳ್ಳಲ್ವಾ ಮಾಮ?"

ಯಜಮಾನರಾದರೂ ಬೇಡವೆನ್ನುತ್ತಾರೆ ಎಂದುಕೊಂಡೆ. "ಹೌದೌದು," ಎಂದರು. "ಹೆಣ್ಣು ನೋಡೋಕೆ ಬಂದವರ ಮುಂದೆ ಮನೆಯ ಜಗಳ ಹೇಳ್ಕೋತೀವಾ?" ನನ್ನ ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಆ ಸೋಲುಗಳು ಯಾರ ಮನೆಯ ಜಗಳ? ಇಪ್ಪತ್ತಮೂರರಲ್ಲಿ ಕೈ ಸುಟ್ಟುಕೊಂಡೆ. ಮೂವತ್ತೊಂಬತ್ತು ಕೆಟ್ಟ ದಿನ ಊಟ ಸೇರಲಿಲ್ಲ. ಅವು ಇಲ್ಲದೆ ಅರವತ್ತೊಂದು ಎಲ್ಲಿಂದ ಬಂತು — ಮಾಡಿನಿಂದ ಉದುರಿತೇ?

ಇದನ್ನೆಲ್ಲ ಅವರ ಮುಂದೆ ಹೇಳಿದೆನೇ? ಇಲ್ಲ. ಇಲ್ಲಿ ಹೇಳುತ್ತಿದ್ದೇನೆ. ನನ್ನ ಮೇಲೂ ಸಿಟ್ಟು.

ಏಪ್ರಿಲ್ 9, ಬುಧವಾರ. ಸಂಜೆ 6

ಕಮಿಟಿ ಬಂದಿತ್ತು. ಕಮಿಟಿ ಎಂದರೆ ಒಬ್ಬ ಮೇಡಂ ಮತ್ತು ಅವರ ಹಿಂದೆ ಫೈಲು ಹಿಡಿದ ಗುಮಾಸ್ತರು. ನಾನು ಮೂಲೆಯ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿರಬೇಕು, ಕೇಳಿದರೆ ಮಾತ್ರ ಎದ್ದು ನಮಸ್ಕಾರ ಮಾಡಬೇಕು ಎಂದು ಬೆಳಿಗ್ಗೆಯೇ ಅಪ್ಪಣೆಯಾಗಿತ್ತು.

ಮೇಡಂ ಚಹಾ ಬೇಡವೆಂದರು. ಕೋಲು ಕೈಗೆ ತೆಗೆದುಕೊಂಡು ಡಬ್ಬಿ ತಿರುಗಿಸಿ ನೋಡಿದರು. ಇಸ್ತ್ರಿ ವಿವರಿಸುತ್ತಾ ಹೋದ.

"ಈ ಹನ್ನೊಂದು ನಿಮಿಷ ಹೇಗೆ ಗೊತ್ತಾಯ್ತು?"

"ಲೆಕ್ಕಾಚಾರದಿಂದ, ಮೇಡಂ."

"ಚಳಿಗಾಲದಲ್ಲಿ ಎಷ್ಟು?"

"ಅಷ್ಟೇ ಮೇಡಂ. ಹನ್ನೊಂದೇ."

"ಚಳಿಗೆ ಹದಿನೇಳು."

ಹೇಳಿದ್ದು ನಾನು. ಗೋಡೆಗೆ ಹೇಳಿದೆ. ಹೇಳಬೇಕೆಂದು ಹೇಳಲಿಲ್ಲ. ಹನ್ನೊಂದಕ್ಕೆ ಒತ್ತಿದರೆ ನೀರು ನುಗ್ಗುತ್ತದೆ, ಡಿಸ್ಕ್ ಹಾಳಾಗುತ್ತದೆ — ಅಷ್ಟೇ ತಲೆಯಲ್ಲಿತ್ತು.

"ಯಾರು ಹೇಳಿದ್ದು?" ಎಂದರು ಮೇಡಂ. ಮಾಮ ಸ್ಪ್ಯಾನರಿನಿಂದ ನನ್ನ ಬೆನ್ನು ತೋರಿಸಿದರಂತೆ. ಮೇಡಂ ಸ್ಟೂಲು ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದು ಕೂತರು.

"ಹದಿನೇಳು ಅಂತ ಹೇಗೆ ಗೊತ್ತಮ್ಮಾ?"

"ಬೆರಳಿಗೆ ಗೊತ್ತಾಗತ್ತೆ."

"ಎಷ್ಟು ಕೆಡಿಸಿದ ಮೇಲೆ ಗೊತ್ತಾಯ್ತು?"

ಯಜಮಾನರು ಕೆಮ್ಮಿದರು. ನಾನು ನನ್ನ ಕಾಲಿನ ಹೆಬ್ಬೆರಳು ನೋಡುತ್ತಾ ಹೇಳಿದೆ. "ಅರವತ್ತು."

ಮೇಡಂ ರಟ್ಟಿನ ಪುಸ್ತಕ ತೆರೆದರು. ಮಡಿಸಿದರು. "ಇದರಲ್ಲಿ ನಾಲ್ಕೇ ಇದೆಯಲ್ಲ ಸ್ವಾಮಿ? ನಾಲ್ಕೇ ಸಲಕ್ಕೆ ಆಗೋ ಕೆಲಸಕ್ಕೆ ಸರ್ಕಾರದ ದುಡ್ಡು ಯಾಕೆ ಬೇಕು? ಆಗತ್ತೋ ಇಲ್ವೋ ಗೊತ್ತಿಲ್ಲದ ಕೆಲಸಕ್ಕೇ ನಾವು ಕೊಡೋದು. ಅರವತ್ತೂ ಬರೆದಿಟ್ಟಿರೋ ಪುಸ್ತಕ ಎಲ್ಲಿ?"

"ಅದು... ಬೀರುವಿನಲ್ಲಿದೆ ಮೇಡಂ. ಬೀಗದ ಕೈ ಮನೇಲಿ ಬಿಟ್ಟುಬಂದಿದ್ದೀನಿ."

ಬೀಗದ ಕೈಗೊಂಚಲು ಯಜಮಾನರ ಪ್ಯಾಂಟಿನ ಜೇಬಿನಲ್ಲಿ ಉಬ್ಬಿಕೊಂಡಿತ್ತು. ಎಲ್ಲರಿಗೂ ಕಾಣುತ್ತಿತ್ತು. ಮೇಡಂಗೂ. ಅವರು ಎದ್ದು ಹೋದರು.

ಆಮೇಲೆ ಯಜಮಾನರು ನನ್ನ ಮುಖ ನೋಡದೆ ಹೇಳಿದರು. "ನಾಳೆಯಿಂದ ಬರಬೇಡ. ನಾನೇ ಹೇಳಿ ಕಳಿಸ್ತೀನಿ."

ಏಪ್ರಿಲ್ 10, ಗುರುವಾರ. ಬೆಳಿಗ್ಗೆ

ಅಮ್ಮ ದಿಂಬಿನ ಚೀಲ ಹೊಲಿಯುತ್ತಾ ಎದ್ದಾಗಿನಿಂದ ಒಂದೇ ಸಮ. "ಇಪ್ಪತ್ತೊಂದು ವರ್ಷ ನಿನಗೆ ಬಾಯೇ ಇಲ್ಲ ಅಂತ ಬೈದೆ. ಬಿಡೋದು ಬಿಟ್ಟೆ, ನಿನ್ನೆಯೇ ಬಿಡಬೇಕಿತ್ತಾ? ಅದೂ ಅಷ್ಟು ದೊಡ್ಡೋರ ಮುಂದೆ?"

"ಸುಳ್ಳು ಹೇಳ್ತಾ ಇದ್ರು ಅಮ್ಮಾ."

"ಹೇಳ್ಕೊಳ್ಳಲಿ! ಅವರ ಕಂಪನಿ, ಅವರ ಸುಳ್ಳು."

ಡಿಸ್ಕ್ ನನ್ನದಲ್ಲವೇ ಎಂದು ಕೇಳಬೇಕೆನಿಸಿತು. ಹೊಲಿಗೆ ಯಂತ್ರದ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಬಿಟ್ಟೆ.

ಏಪ್ರಿಲ್ 13

ಯಾರೂ ಹೇಳಿ ಕಳಿಸಲಿಲ್ಲ.

ಏಪ್ರಿಲ್ 24, ಗುರುವಾರ. ಮಧ್ಯಾಹ್ನ 3

ಯಜಮಾನರು ಮನೆಗೇ ಬಂದರು. ಚಪ್ಪಲಿ ಬಿಡಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಫಾರಂ. ವಾಪಸ್ ಬಂದಿದೆ. ಮೂಲ ನೋಟ್‌ಬುಕ್ ಸಮೇತ, ಕೆಲಸ ನಿಜವಾಗಿ ಮಾಡಿದವರ ಹೆಸರಿನಲ್ಲಿ ಹದಿನೈದು ದಿನದೊಳಗೆ ಕೊಟ್ಟರೆ ಮತ್ತೆ ನೋಡುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಬರೆದಿದ್ದಾರಂತೆ. ಜೊತೆಗೆ ಒಂದು ಸಾಲಿಗೆ ಕೆಂಪು ಗೆರೆ ಎಳೆದಿದ್ದಾರೆ.

"ಏನಂತೆ ಆ ಸಾಲು?" ಎಂದೆ.

ಯಜಮಾನರು ಕನ್ನಡಕ ಒರೆಸಿದರು. ಎರಡು ಸಲ ಒರೆಸಿದರು. "ಡಿಗ್ರಿ... ಇಲ್ಲವೇ ಅದಕ್ಕೆ ಸಮನಾದ ಅನುಭವ."

ಮೊದಲಿನಿಂದಲೂ ಅದು ಅಲ್ಲೇ ಇತ್ತು! ಅದೇ ಫಾರಮ್ಮಿನಲ್ಲಿ, ಅದೇ ಕಾಲಮ್ಮಿನಲ್ಲಿ. ಇಂಗ್ಲಿಷ್ ಬಲ್ಲವರು ಇಬ್ಬರು ಕೂತು ಅರ್ಧ ಸಾಲು ಓದಿ ನನ್ನನ್ನು ಇತರೆ ಮಾಡಿದರು. ಮೈಯೆಲ್ಲ ಉರಿದುಹೋಯಿತು.

"ನೀನು ಆವತ್ತೇ ಒಂದು ಮಾತು ಹೇಳಬಾರದಿತ್ತೇನಮ್ಮಾ? ಇಷ್ಟೆಲ್ಲ ಆಗ್ತಿರಲಿಲ್ಲ," ಎಂದರು.

ಕೊನೆಗೆ ತಪ್ಪು ನನ್ನದೇ.

ನಾನು ಬಾಯಿ ತೆರೆಯುವ ಮೊದಲೇ ಹೊಲಿಗೆ ಯಂತ್ರ ನಿಂತಿತು. "ನೀವು ಕೇಳಿದ್ರಾ ಯಜಮಾನರೇ?" ಎಂದಳು ಅಮ್ಮ. "ಎಷ್ಟನೇ ಕ್ಲಾಸು ಅಂತ ಕೇಳಿದ್ರಂತೆ. ಏನು ಮಾಡಿದೆ ಅಂತ ಕೇಳಿದ್ರಾ?"

ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಇಬ್ಬರ ಹೆಸರೂ ಹಾಕೋಣ, ಇಂಜಿನಿಯರದು ಮೊದಲು, ನಿನ್ನದು ಕೆಳಗೆ, ನೋಡುವವರಿಗೂ ಚೆನ್ನಾಗಿರುತ್ತದೆ ಎಂದರು.

ಕಾಲಿನ ಹೆಬ್ಬೆರಳು ನೋಡಲಿಲ್ಲ. ಅವರ ಕನ್ನಡಕವನ್ನೇ ನೋಡಿದೆ. "ಅವರು ಎಷ್ಟು ಡಿಸ್ಕ್ ಕೆಡಿಸಿದ್ದಾರೆ?"

"ಅವನು ಕೆಡಿಸಲಿಲ್ಲವಲ್ಲಮ್ಮ... ಅವನು ಮುಟ್ಟೇ ಇಲ್ಲ."

"ಮತ್ತೆ?"

ಅಮ್ಮ ನೀರು ತಂದುಕೊಟ್ಟಳು. ಯಜಮಾನರು ಕುಡಿದು, ನಾಳೆ ಎಂಟಕ್ಕೆ ಬಾ ಎಂದು ಹೇಳಿ ಎದ್ದರು.

ಏಪ್ರಿಲ್ 25, ಶುಕ್ರವಾರ. ಬೆಳಿಗ್ಗೆ 9.20, ಶೆಡ್ಡಿನಲ್ಲಿ

ಇಸ್ತ್ರಿ ಎದುರಿಗೆ ಕೂತು ಒಂದೊಂದೇ ಸಾಲು ಓದಿ ನಮ್ಮ ಭಾಷೆಯಲ್ಲಿ ಹೇಳುತ್ತಿದ್ದಾನೆ. ಪೂರ್ತಿ ಸಾಲು. ಬೀರುವಿನಿಂದ ಹೊರಬಂದ ನನ್ನ ನೋಟ್‌ಬುಕ್ ಪಕ್ಕದಲ್ಲಿದೆ. ಬಂದ ಕೂಡಲೇ "ನನ್ನನ್ನ ತಗೊಂಡಿದ್ದೇ ಡಿಗ್ರಿ ಕಾಲಂ ತುಂಬೋಕೆ, ಗೊತ್ತಾ?" ಎಂದ. ಅವನಿಗೂ ನಾಚಿಕೆಯಾಗಿದೆ. ಆಗಲಿ. ಅಷ್ಟಕ್ಕೆ ನನ್ನ ಸಿಟ್ಟು ಇಳಿಯುವುದಿಲ್ಲ.

ಹೆಸರು — ನಾನೇ ಬರೆದೆ.

ವಿದ್ಯಾರ್ಹತೆ. ಇಸ್ತ್ರಿ ಪೆನ್ನು ನಿಲ್ಲಿಸಿ ಯಜಮಾನರತ್ತ ನೋಡಿದ. ಅವರು ಇಲ್ಲದ ಧೂಳು ಒರೆಸುತ್ತಿದ್ದರು. "ಐದನೇ ಕ್ಲಾಸ್ ಅಂತಲೇ ಬರೀರಿ," ಎಂದೆ. "ಪಾಸ್ ಅನ್ನೋದನ್ನೂ ಬರೀರೋ!" ಎಂದು ಲೇತ್ ಹಿಂದಿನಿಂದ ಮಾಮ ಕೂಗಿದರು. ಬರೆದ.

ಗ್ರಾಂಟ್ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಕೊಡುತ್ತಾರೋ? ಕೊಡದಿದ್ದರೆ ಅದನ್ನೂ ನನ್ನ ಬಾಯಿಯ ಮೇಲೇ ಹಾಕುತ್ತಾರೆ. ಹಾಕಲಿ. ಈ ಸಲ ಉತ್ತರ ಕೊಡುತ್ತೇನೆ.

ಕೊನೆಯಲ್ಲಿ ಒಂದು ಇಡೀ ಪುಟ ಖಾಲಿ. ಏನು ಮಾಡಿದಿರಿ, ನಿಮ್ಮ ಮಾತಿನಲ್ಲೇ ಹೇಳಿ, ಯಾವ ಭಾಷೆಯಾದರೂ ಸರಿ ಎಂದಿದೆಯಂತೆ. ಚಿತ್ತುಕಾಟಾಗಬಾರದೆಂದು ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಮೊದಲನೆಯ ಡಿಸ್ಕನ್ನು ನಾನು ಕೆಡಿಸಿದ್ದು ಹೀಗೆ —