ನೀರಿಗೂ ಎರಡು ಗೀಟು

ಮನೆ, ಹೊಲಿಗೆ ಮೆಷಿನ್ನಿನ ಮೇಲೆ ಕಾಗದ ಇಟ್ಟುಕೊಂಡು
೧೪ನೇ ತಾರೀಖು, ಗುರುವಾರ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಸೊಂಟ ನೋವು ಕಮ್ಮಿ ಆಯ್ತಾ? ಸೇತುವೆ ಎಲ್ಲಿಗೆ ಬಂತು? ವೆಲ್ಡಿಂಗ್ ಮಾಡುವಾಗ ಕನ್ನಡಕ ಕಣ್ಣಿಗೆ ಹಾಕ್ತೀರೋ, ಇಲ್ಲ ಹಣೆ ಮೇಲೇರಿಸಿಕೊಂಡು ಧಿಮಾಕು ಮಾಡ್ತೀರೋ? ನಾವು ಚೆನ್ನಾಗಿದ್ದೇವೆ. ಅದು ಖಾತ್ರಿಯಾಗಿದ್ದು ನಿನ್ನೆ, ಅದನ್ನೇ ಹೇಳೋಕೆ ಕೂತಿದ್ದೇನೆ. ಸೋಮವಾರ ಹಾಕಿದ ಇನ್ನೊಂದು ಕಾಗದ ಬಂದಿದ್ದರೆ ದಯವಿಟ್ಟು ಒಡೆಯಬೇಡಿ. ಒಡೆದಿದ್ದರೆ ಕೂತುಕೊಂಡು ಇದನ್ನೂ ಓದಿ.

ಹೋದ ವಾರ ಆಸ್ಪತ್ರೆಯವರು ನಮ್ಮ ಬೀದಿಗೆ ಬಂದು, ಎಚ್‌ಐವಿ ಪರೀಕ್ಷೆ ನೀವೇ ಮಾಡಿಕೊಳ್ಳಿ ಅಂತ ಡಬ್ಬಿ ಹಂಚಿದರು. ಬಿಟ್ಟಿ ಸಿಕ್ಕಿದ್ದನ್ನು ನಾನು ಬಿಡ್ತೀನಾ? ಬೆರಳು ಚುಚ್ಚಿ ಪಟ್ಟಿಗೆ ಒಂದು ಹನಿ ರಕ್ತ, ಅದರ ಮೇಲೆ ಪುಟ್ಟ ಬಾಟಲಿಯ ದ್ರಾವಣ ಎರಡು ತೊಟ್ಟು. ಒಂದು ಗೀಟು ಬಂದರೆ ನಿಶ್ಚಿಂತೆ, ಎರಡು ಬಂದರೆ ಆಸ್ಪತ್ರೆ. ಆ ಪುಟ್ಟ ಬಾಟಲಿಯನ್ನು ಈ ಜಾಣೆ ಇಟ್ಟಿದ್ದೆಲ್ಲಿ ಹೇಳಿ? ಮೆಷಿನ್ನಿನ ಡ್ರಾಯರಿನಲ್ಲಿ, ಎಣ್ಣೆ ಬಾಟಲಿ ಪಕ್ಕ. ಶುಕ್ರವಾರ ಪರದೆ ಹೊಲಿಯುವ ಗಡಿಬಿಡಿಯಲ್ಲಿ ಅದನ್ನೇ ಎಣ್ಣೆ ಅಂತ ಪೂರ್ತಿ ಮೆಷಿನ್ನಿಗೆ ಕುಡಿಸಿಬಿಟ್ಟೆ. ಇಷ್ಟು ಹಾಕಿದರೂ ಕಿರುಗುಟ್ಟುತ್ತಲ್ಲಪ್ಪಾ ಅಂತ ಮೆಷಿನ್ನನ್ನೇ ಬೈದೆ.

ಶನಿವಾರ ನೋಡಿದರೆ ಬಾಟಲಿ ಖಾಲಿ. ದ್ರಾವಣ ಅಂದರೇನು ಮಹಾ, ನೀರು ತಾನೆ ಅಂದುಕೊಂಡು, ನೀರು ಕುದಿಸಿ, ಆರಿಸಿ, ಸೋಸಿ ಬೇರೆ, ಪಟ್ಟಿಗೆ ಹಾಕಿದ ರಕ್ತದ ಮೇಲೆ ಎರಡು ತೊಟ್ಟು ಬಿಟ್ಟೆ. ಸ್ವಲ್ಪ ಹೊತ್ತಿಗೆ ಎರಡು ಗೀಟು, ಸ್ಕೇಲ್ ಹಿಡಿದು ಎಳೆದ ಹಾಗೆ.

ಮುಗೀತು, ರೋಗ ಬಂದೇಬಿಟ್ಟಿತು ಅಂದುಕೊಂಡೆ ರೀ. ನನಗೆ ಬಂದಿದ್ದರೆ ನಿಮ್ಮಿಂದಲೇ ತಾನೆ? ನಿಮ್ಮ ಜನ್ಮ ಜಾಲಾಡಿ ನಾಲ್ಕು ಪುಟ ಬರೆದೆ. ಅದರಲ್ಲಿ ನಿಮ್ಮ ಕ್ಯಾಂಪಿನ ಅಡುಗೆಯವಳನ್ನೂ ಎಳೆದಿದ್ದೇನೆ, ಪಾಪ, ಅವಳ ಮುಖವನ್ನೇ ನಾನು ನೋಡಿಲ್ಲ. ಊಟ ಬಿಟ್ಟೆ. ಅತ್ತೆ ಏನು ಎತ್ತ ಅಂತ ಕೇಳದೆ ತಟ್ಟೆ ಮುಂದಿಟ್ಟು, "ನನ್ನ ಮಗನನ್ನು ಬೈಯೋಕೂ ಮೈಯಲ್ಲಿ ಕಸುವು ಬೇಕು, ತಿಂದು ಬೈಯಮ್ಮ" ಅಂದರು. ಅವರ ಮುಂದೆಯೇ ಗೊಳೋ ಅಂತ ಅತ್ತುಬಿಟ್ಟೆ.

ನಿನ್ನೆ ಪಟ್ಟಿ ಹಿಡಿದು ಆಸ್ಪತ್ರೆಗೆ ಹೋಗಿ ನರ್ಸಮ್ಮನಿಗೆ ಎಲ್ಲ ಹೇಳಿದೆ, ನಾಲ್ಕು ಪುಟದ ಕಥೆಯನ್ನೂ. ಕುದಿಸಿದ ನೀರನ್ನೇ ಹಾಕಿದ್ದು ಅಂತ ಜಂಬದಿಂದಲೇ ಹೇಳಿದೆ. ಅವರು ಹೊಸ ಪಟ್ಟಿ ತೆಗೆದು, ರಕ್ತವೇ ಇಲ್ಲದೆ ಬರೀ ನಲ್ಲಿ ನೀರು ಬಿಟ್ಟರು. ಅದಕ್ಕೂ ಎರಡು ಗೀಟು! "ಈಗ ಈ ನಲ್ಲಿಯ ಗಂಡನಿಗೂ ನಾಲ್ಕು ಪುಟ ಬರೀತೀಯಾ?" ಅಂದರು. ಡಬ್ಬಿಯ ದ್ರಾವಣ ಬಿಟ್ಟು ಬೇರೇನು ಹಾಕಿದರೂ ಪಟ್ಟಿಯನ್ನು ನಂಬೋ ಹಾಗಿಲ್ಲವಂತೆ. ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿದರು. ಒಂದೇ ಗೀಟು. ಲ್ಯಾಬಿನದೂ ಸಂಜೆ ಸರಿ ಬಂತು.

ಅತ್ತೆ ಆಶೀರ್ವಾದ ಹೇಳಿದ್ದಾರೆ. ಅಡುಗೆಯವಳಿಗೆ ನನ್ನ ನಮಸ್ಕಾರ ತಿಳಿಸಿ, ಯಾಕೆ ಅಂತ ಮಾತ್ರ ಹೇಳಬೇಡಿ.

ಇತಿ,
ಬಾಯಿಗೆ ಬೀಗವಿಲ್ಲದ ನಿಮ್ಮವಳು

ಮರೆತೆ: ಇದರ ಜೊತೆ ನಿಮಗೂ ಒಂದು ಡಬ್ಬಿ ಕಳಿಸಿದ್ದೇನೆ. ನನ್ನದು ಸರಿ ಇದ್ದ ಮಾತ್ರಕ್ಕೆ ನಿಮ್ಮದೂ ಸರಿ ಅಂತಲ್ಲವಂತೆ. ಬಾಟಲಿ ಒಳಗೇ ಇದೆ, ಜಾಣತನ ಮಾಡದೆ ಅದನ್ನೇ ಹಾಕಿ. ಎರಡು ಗೀಟು ಬಂದರೆ ಹೆದರಿ ಅಲ್ಲೇ ಕೂರಬೇಡಿ, ಮನೆಗೆ ಬನ್ನಿ, ಆಸ್ಪತ್ರೆಗೆ ಇಬ್ಬರೂ ಹೋಗೋಣ. ಈ ತೀರ್ಮಾನ ಮಂಗಳವಾರದ್ದು ರೀ. ನನಗೆ ಬಂದೇಬಿಟ್ಟಿದೆ, ನಿಮ್ಮಿಂದಲೇ ಬಂದಿದೆ ಅಂದುಕೊಂಡು, ನಿಮ್ಮನ್ನು ಬೈತಾ ಬೈತಾನೇ ನೀವು ಬಂದರೆ ಮಲಗೋಕೆ ಬೇಕಲ್ಲ ಅಂತ ನಿಮ್ಮ ಹಾಸಿಗೆ ಬಿಸಿಲಿಗೆ ಹಾಕಿದ್ದೆ.